ಕೇಡಗಾಂವ್ ದಾಟುವ ರೈಲು: ಇನ್ನೊಬ್ಬರ ಬಾಳಿನಿಂದ ಧೈರ್ಯ ತಗೊಳ್ಳುವುದು ಹೇಗೆ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನನ್ನ ತವರು ಕಲಬುರಗಿ ಕಡೆ. ಮದುವೆಯಾಗಿ ಪಿಂಪ್ರಿಗೆ ಬಂದು ಹನ್ನೊಂದು ವರ್ಷವಾಯಿತು. ಹೋದ ವರ್ಷ ನಮ್ಮ ಯಜಮಾನರ ಕಂಪನಿ ಕೆಲಸ ಹೋಯಿತು, ಈಗ ಗುತ್ತಿಗೆ ಮೇಲೆ ದುಡಿಯುತ್ತಿದ್ದಾರೆ. ಅತ್ತೆಯವರು ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ನಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ತಿಂಗಳಿಗೊಬ್ಬ ಈ ಕಾಲದ ಭಕ್ತರ ಜೀವನ ಹೇಳುವುದು ನನ್ನ ಪಾಲಿಗೆ ಬಂದಿದೆ. ಓದಿ ಹೇಳುತ್ತೇನೆ, ಎಲ್ಲರೂ ಆಮೆನ್ ಅನ್ನುತ್ತಾರೆ. ಆದರೆ ಮನೆಗೆ ಬಂದರೆ ನನಗೆ ಧೈರ್ಯ ಬರುವ ಬದಲು ಕುಗ್ಗಿಹೋದ ಹಾಗಾಗುತ್ತದೆ. ಮದರ್ ತೆರೇಸಾ ಬೀದಿಯಲ್ಲಿ ಬಿದ್ದವರನ್ನು ಎತ್ತಿಕೊಂಡರು, ನಾನು ಅತ್ತೆಯ ಬಟ್ಟೆ ಬದಲಿಸುವಾಗ ಗೊಣಗುತ್ತೇನೆ. ರಾತ್ರಿ ನಿದ್ದೆ ಬರುವುದಿಲ್ಲ. ಅದರ ಮೇಲೆ, ದೊಡ್ಡವರು ಅಂದುಕೊಂಡವರ ಬಗ್ಗೆ ಸತ್ತ ಮೇಲೆ ಕೆಟ್ಟ ಸಂಗತಿಗಳು ಹೊರಬರುತ್ತವೆ. ಯಾರನ್ನು ನಂಬಿ ಓದಬೇಕು, ಹೇಗೆ ಓದಬೇಕು, ದಯವಿಟ್ಟು ತಿಳಿಸಿ.

ಉತ್ತರ: ಸಹೋದರಿ, ನಿಮ್ಮ ಕಾಗದ ಓದಿದಾಗ ನನಗೆ ಮುಂಬೈಯ ಒಬ್ಬ ತಾಯಿ ನೆನಪಾದರು. 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಕಳೆದುಕೊಂಡ ಮೇಲೆ ಮತ್ತೆ ತಲೆ ಎತ್ತದೇ ಹೋದ ಕನ್ನಡ ಕುಟುಂಬಗಳು ನಮ್ಮ ಸಭೆಯಲ್ಲಿ ಹಲವು ಇದ್ದವು. ನಾನಾಗ ಹೊಸ ಪಾಸ್ಟರು, ಉತ್ಸಾಹ ಬಹಳ. ಒಂದು ಭಾನುವಾರ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅನಾಥಾಲಯಗಳನ್ನು ಕಟ್ಟಿದ ಜಾರ್ಜ್ ಮುಲ್ಲರ್ ಅವರ ಕಥೆ ಹೇಳಿದೆ. ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಾಕಿದವರು, ಕೈಯಲ್ಲಿ ಕಾಸಿಲ್ಲದ ದಿನ ಮೊಣಕಾಲೂರಿದರೆ ಸಂಜೆಯೊಳಗೆ ರೊಟ್ಟಿ ಬರುತ್ತಿತ್ತು ಎಂದೆ. ಆರಾಧನೆ ಮುಗಿದ ಮೇಲೆ ಆ ತಾಯಿ ಬಾಗಿಲಲ್ಲಿ ನಿಂತು ಕೇಳಿದರು: “ಅಯ್ಯನವರ, ಅವರ ಮನೀಗೆ ರೊಟ್ಟಿ ಬಂತು. ನಮ್ಮ ಮನೀಗೆ ಬರಲಿಲ್ಲ. ನಮ್ಮ ಪ್ರಾರ್ಥನಿ ಸಣ್ಣದೇನ್ರಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಹೋಗಿ ಮುಲ್ಲರ್ ಅವರ ಚರಿತ್ರೆಯನ್ನು ಮೊದಲಿಂದ ಮತ್ತೆ ಓದಿದೆ. ನಾನು ಹಾರಿಸಿ ಓದಿದ್ದ ಪುಟಗಳಲ್ಲಿ ಅವರ ಗಂಡುಮಗು ಇತ್ತು. ಎರಡು ವರ್ಷವೂ ತುಂಬದ ಆ ಕೂಸು 1835ರಲ್ಲಿ ತೀರಿಕೊಂಡಿತು. ಅವರು ಅನಾಥಾಲಯ ತೆರೆದದ್ದು ಅದರ ಮುಂದಿನ ವರ್ಷ. ಆ ಮಗುವಿಗಾಗಿ ಅವರು ಪ್ರಾರ್ಥಿಸಿರಲಿಲ್ಲವೇ? ರೊಟ್ಟಿ ಬಂದ ದಿನವನ್ನು ನಾನು ಪ್ರಸಂಗಪೀಠದಿಂದ ಹೇಳಿದ್ದೆ, ಮಗು ಉಳಿಯದೇ ಹೋದದ್ದನ್ನು ಬಿಟ್ಟಿದ್ದೆ. ಆ ತಾಯಿಗೆ ಬೇಕಾಗಿದ್ದ ಮುಲ್ಲರ್ ನಾನು ಬಿಟ್ಟ ಪುಟದಲ್ಲಿದ್ದರು. ನೀವು ಕುಗ್ಗುತ್ತಿರುವುದಕ್ಕೂ ಇದೇ ಕಾರಣ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ನಿಮ್ಮ ಕೈಗೆ ಸಿಕ್ಕಿರುವುದು ಆ ಪುಟಗಳನ್ನು ಕಿತ್ತುಹಾಕಿದ ಜೀವನಚರಿತ್ರೆಗಳು.

ಸತ್ಯವೇದ ಹೀಗೆ ಕೀಳುವುದಿಲ್ಲ. ಇಬ್ರಿಯರಿಗೆ ಬರೆದ ಪತ್ರದ ಹನ್ನೊಂದನೇ ಅಧ್ಯಾಯವನ್ನು ನಾವು ನಂಬಿಕೆಯ ವೀರರ ಪಟ್ಟಿ ಎಂದು ಓದುತ್ತೇವೆ. ಅದರ ಕೊನೆಯನ್ನು ನಿಧಾನವಾಗಿ ಓದಿ ನೋಡಿ. ನಂಬಿಕೆಯಿಂದ ಕತ್ತಿಗೆ ಸಿಗದೆ ತಪ್ಪಿಸಿಕೊಂಡವರು ಅಲ್ಲಿದ್ದಾರೆ. ಮೂರೇ ವಚನ ದಾಟಿದರೆ, ಅದೇ ನಂಬಿಕೆಯಿಂದ ಕತ್ತಿಗೆ ಬಲಿಯಾದವರೂ ಇದ್ದಾರೆ. ಬರೆದವರು ಇಬ್ಬರಿಗೂ ಒಂದೇ ಗೌರವ ಕೊಟ್ಟಿದ್ದಾರೆ. ಹದಿಮೂರನೇ ಅಧ್ಯಾಯದ ಏಳನೇ ವಚನದಲ್ಲಿ ನಮ್ಮ ಹಿರಿಯರ ನಂಬಿಕೆಯನ್ನು ಅನುಸರಿಸಿ ಎಂದಿದೆ. ಅವರ ಸಾಧನೆಯನ್ನು ಅನುಸರಿಸಿ ಎಂದು ಎಲ್ಲೂ ಇಲ್ಲ.

ಈಗ ನಿಮಗೆ ಒಬ್ಬರನ್ನು ಪರಿಚಯಿಸುತ್ತೇನೆ. ನೀವು ತವರಿಗೆ ಹೋಗುವಾಗಲೆಲ್ಲ ಅವರ ಬಾಗಿಲ ಮುಂದೆಯೇ ಹಾದುಹೋಗುತ್ತೀರಿ. ಪುಣೆ ಬಿಟ್ಟ ರೈಲು ದೌಂಡ್ ಮುಟ್ಟುವ ಮೊದಲು ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಬರುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ಗಾಡಿಗಳಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ. ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಪಂಡಿತಾ ರಮಾಬಾಯಿಯವರು ಕಟ್ಟಿದ ಆಶ್ರಯ ‘ಮುಕ್ತಿ’ ಇರುವುದು ಅಲ್ಲಿ.

ರಮಾಬಾಯಿ ಮಹಾರಾಷ್ಟ್ರದವರು ಎಂದೇ ಎಲ್ಲರೂ ತಿಳಿದಿದ್ದಾರೆ. ಆದರೆ ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡವರು. ಆ ತಾಯಿ ಮಗಳಿಗೆ ಕಲಿಸಿದರು. ಕೈಲಿದ್ದದ್ದೆಲ್ಲ ಕರಗಿದ ಮೇಲೆ ಇಡೀ ಸಂಸಾರ ಊರೂರು ಪುರಾಣ ಓದುತ್ತಾ ಅಲೆಯಿತು. 1870ರ ದಶಕದ ಬರದಲ್ಲಿ ಅಪ್ಪ ಹೋದರು, ಅಮ್ಮ ಹೋದರು, ಅಕ್ಕನೂ ಹೋದಳು. ಉಳಿದ ಅಣ್ಣನ ಜೊತೆ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತ ಸೇರಿದಾಗ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಮದುವೆಯಾದರು, ಮನೋರಮಾ ಎಂಬ ಮಗಳು ಹುಟ್ಟಿದಳು, 1882ರಲ್ಲಿ ಗಂಡ ಕಾಲರಾದಿಂದ ಸತ್ತರು. ಆಗ ಅವರಿಗೆ ಇಪ್ಪತ್ತನಾಲ್ಕೂ ತುಂಬಿರಲಿಲ್ಲ.

ಮುಂದಿನದು ನಿಮಗೆ ಗೊತ್ತಿರಬಹುದು. ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ, ಇಂಗ್ಲೆಂಡ್ ಪ್ರಯಾಣ, 1883ರಲ್ಲಿ ದೀಕ್ಷಾಸ್ನಾನ, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ. ಭಾಷಣಗಳಲ್ಲಿ ಹೇಳುವುದು ಇಷ್ಟನ್ನೇ. ಇಂಗ್ಲೆಂಡಿಗೆ ಹೋದದ್ದು ವೈದ್ಯಕೀಯ ಓದಲು, ಕಿವಿ ಮಂದವಾಗುತ್ತಿದ್ದದ್ದರಿಂದ ಆ ದಾರಿ ಮುಚ್ಚಿತು ಎಂಬುದನ್ನು ಯಾರೂ ಹೇಳುವುದಿಲ್ಲ. 1893ರಲ್ಲಿ ಪುಣೆಯ ಸುಧಾರಕ ಮಿತ್ರರೇ ಶಾರದಾ ಸದನದ ಸಲಹಾ ಸಮಿತಿಯಿಂದ ಹೊರನಡೆದರು, ಹಲವು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಊರು ಅವರನ್ನು ಧರ್ಮ ಬಿಟ್ಟವಳು ಎಂದಿತು. ಅತ್ತ ಇಂಗ್ಲೆಂಡಿನಲ್ಲಿ ತಾಯಿಯಂತೆ ನೋಡಿಕೊಂಡ ಸನ್ಯಾಸಿನಿಯರೊಂದಿಗೂ ಬೋಧನೆಯ ವಿಷಯದಲ್ಲಿ ತಿಕ್ಕಾಟ ಆಗಿತ್ತು, ಏಕೆಂದರೆ ಪಾದ್ರಿಗಳು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪುವ ಸ್ವಭಾವ ಅವರದಲ್ಲ. ಎರಡೂ ಕಡೆಯಿಂದ ಒಂಟಿಯಾದವರು ಅವರು.

ಆದರೂ ನಾನು ನಿಮಗೆ ರಮಾಬಾಯಿಯವರನ್ನು ಹೇಳುತ್ತಿರುವುದು ಈ ಕಷ್ಟಗಳಿಗಾಗಿ ಮಾತ್ರವಲ್ಲ. ಅವರೂ ನಿಮ್ಮ ಹಾಗೆಯೇ ಬೇರೆಯವರ ಜೀವನ ಓದುತ್ತಿದ್ದವರು, ಓದಿ ಏನಾಯಿತು ಎಂದು ತಮ್ಮ ಜೀವನಸಾಕ್ಷಿಯ ಪುಸ್ತಕದಲ್ಲಿ ಬಿಚ್ಚಿ ಬರೆದವರು.

ಅದರಲ್ಲಿ ಎರಡು ಓದುಗಳ ವಿವರ ಇದೆ. ದೀಕ್ಷಾಸ್ನಾನ ಆಗಿ ಎಂಟು ವರ್ಷ ಕಳೆದ ಮೇಲೂ ತಮಗೆ ಕ್ರೈಸ್ತಧರ್ಮ ಸಿಕ್ಕಿತ್ತೇ ಹೊರತು ಕ್ರಿಸ್ತನು ಸಿಕ್ಕಿರಲಿಲ್ಲ, ಮನಸ್ಸಿಗೆ ಸಮಾಧಾನ ಇರಲಿಲ್ಲ ಎನ್ನುತ್ತಾರೆ. ಎಂಟು ವರ್ಷ! ಆ ಎಂಟು ವರ್ಷಗಳಲ್ಲೇ ಅಮೆರಿಕದಲ್ಲಿ ಹಣ ಕೂಡಿಸಿದ್ದು, ಶಾರದಾ ಸದನ ತೆರೆದದ್ದು. ಒಳಗೆ ಬರಿದಾಗಿದ್ದಾಗಲೇ ಅಷ್ಟೂ ಕೆಲಸ ನಡೆದಿತ್ತು. ಆಗ ಅವರ ಕೈಗೆ ಬಂದದ್ದು ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ. ಪಾದ್ರಿಯಾಗಿ ವರ್ಷಗಟ್ಟಲೆ ಬೋಧಿಸಿದ ಮೇಲೆ, ಪ್ರಸಂಗ ಮಾಡುತ್ತಿರುವಾಗಲೇ ತನಗೇ ಇನ್ನೂ ರಕ್ಷಣೆ ದೊರೆತಿಲ್ಲ ಎಂದು ಅರಿತವರು ಅವರು. ರಮಾಬಾಯಿ ಅವರಿಗೆ ಎದೆ ಹಗುರಾಗಿಸಿದ್ದು ಆ ಪಾದ್ರಿಯ ಸಾಧನೆಯಲ್ಲ, ಅವರ ತಪ್ಪೊಪ್ಪಿಗೆ. ‘ನನ್ನಂತೆಯೇ ಇನ್ನೊಬ್ಬರು’ ಎಂಬ ಆ ಬಿಡುಗಡೆ ನಿಮಗೂ ಸಿಗಬೇಕು.

ಎರಡನೆಯ ಓದು ಸುಮಾರು 1895ರದ್ದು. ಮುಲ್ಲರ್, ಚೀನಾದಲ್ಲಿ ದುಡಿದ ಹಡ್ಸನ್ ಟೇಲರ್, ನ್ಯೂ ಹೆಬ್ರಿಡಿಸ್ ದ್ವೀಪಗಳ ಜಾನ್ ಪೇಟನ್, ಈ ಮೂವರ ಕಥೆ. ಮೂವರೂ ಆಗ ಇನ್ನೂ ಬದುಕಿದ್ದರು, ಅಂದರೆ ರಮಾಬಾಯಿಯವರ ಪಾಲಿಗೆ ‘ಈ ಕಾಲದ’ ಭಕ್ತರೇ. ಓದಿ ಮುಗಿಸಿ, ಭಾರತದಲ್ಲೂ ದೇವರನ್ನೇ ನೆಚ್ಚಿ ನಡೆಯುವ ಇಂಥ ಸೇವೆಗಳನ್ನು ಯಾಕೆ ಯಾರೂ ಶುರು ಮಾಡುತ್ತಿಲ್ಲ ಎಂದು ಮತ್ತೆ ಮತ್ತೆ ಯೋಚಿಸಿದರಂತೆ. ಆಗ ಒಳಗಿನಿಂದ ಪ್ರಶ್ನೆ ಬಂತು: ಬೇರೆಯವರು ಮಾಡಲಿ ಎಂದು ಹಾರೈಸುವ ಬದಲು ನೀನೇ ಯಾಕೆ ಮಾಡಬಾರದು? ಆ ಮಾತು ತಮ್ಮನ್ನು ಬಹಳ ಗದರಿಸಿತು ಎಂದು ಬರೆದಿದ್ದಾರೆ.

ನಾಚಿಕೆ ಅವರಿಗೂ ಆಯಿತು ನೋಡಿ. ಆದರೆ ಆ ನಾಚಿಕೆ ಅವರನ್ನು ಕೆಳಗೆ ತಳ್ಳಲಿಲ್ಲ, ಏಕೆಂದರೆ ಅದು ಮುಲ್ಲರ್ ಜೊತೆ ಅಳೆದು ನೋಡಿ ಬಂದದ್ದಲ್ಲ. ಅವರು ಬ್ರಿಸ್ಟಲ್ಲನ್ನು ಪುಣೆಗೆ ತರಲು ಹೋಗಲಿಲ್ಲ. ಅಮೆರಿಕದ ಮಿತ್ರರು ಹತ್ತು ವರ್ಷಕ್ಕೆ ಒಪ್ಪಿಕೊಂಡ ನೆರವು 1898ಕ್ಕೆ ಮುಗಿಯುವುದಿತ್ತು. ಅದಕ್ಕೇ ಕೇಡಗಾಂವ್‌ನಲ್ಲಿ ಬರಡು ಜಮೀನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡ ನೆಡಿಸುವ ಯೋಚನೆ ಮಾಡಿದ್ದರು. ಗಿಡ ಬೆಳೆಯುವ ಮೊದಲೇ 1896ರಲ್ಲಿ ಬರ ಬಂತು. ಮಧ್ಯಪ್ರಾಂತದಲ್ಲಿ ಹಸಿದ ಹುಡುಗಿಯರು ಯಾರ ಯಾರದೋ ಕೈಗೆ ಸಿಗುತ್ತಿದ್ದಾರೆ ಎಂದು ಕೇಳಿದಾಗ, ಇಪ್ಪತ್ತು ವರ್ಷದ ಹಿಂದೆ ತಾನೇ ಕಂಡ ಹಸಿವು ಅವರ ಕಣ್ಣ ಮುಂದೆ ಬಂತು. ತಾವೇ ಹೊರಟು ನೂರಾರು ಹುಡುಗಿಯರನ್ನು ಕರೆತಂದರು. ಮುಲ್ಲರ್ ಅವರಿಂದ ತಗೊಂಡದ್ದು ನಂಬಿಕೆಯೊಂದನ್ನೇ. ಬರ, ಬಾವಿ, ಗಿಡ, ಕೈಮಗ್ಗ, ಅಚ್ಚಿನ ಮನೆ, ಕಣ್ಣಿಲ್ಲದ ಹೆಣ್ಣುಮಕ್ಕಳಿಗೆ ಬ್ರೈಲ್ ಕಲಿಸುವ ಶಾಲೆ, ಇವೆಲ್ಲ ಅವರದೇ ಬಾಳಿನಿಂದ ಬಂದವು.

ಹಾಗಾದರೆ ನಿಮ್ಮ ಕೇಡಗಾಂವ್ ಯಾವುದು ಎಂದು ಕೇಳಿ ನಿಮ್ಮ ತಲೆಯ ಮೇಲೆ ಇನ್ನೊಂದು ಹೊರೆ ಇಡುವುದಿಲ್ಲ. ಅದಾಗಲೇ ನಿಮ್ಮ ಮನೆಯ ಒಳಕೋಣೆಯಲ್ಲಿ ಮಂಚದ ಮೇಲೆ ಮಲಗಿದೆ.

ಅತ್ತೆಯವರ ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಮುಂಬೈಯ ಭೈಖಳಾದಲ್ಲಿ ಮದರ್ ತೆರೇಸಾ ಅವರ ಸಭೆಯ ಸಿಸ್ಟರುಗಳು ನಡೆಸುವ ‘ಆಶಾ ದಾನ’ ಇದೆ. ಅಲ್ಲಿಗೆ ಭೇಟಿ ಕೊಟ್ಟಾಗಲೆಲ್ಲ ನಾನು ಗಮನಿಸಿದ್ದು, ಅಲ್ಲಿ ಹೆಚ್ಚಿನ ಸಮಯ ಹೋಗುವುದು ಒಗೆಯುವುದರಲ್ಲಿ, ತೊಳೆಯುವುದರಲ್ಲಿ, ಉಣಿಸುವುದರಲ್ಲಿ. ಅಂದರೆ ನೀವು ಮನೆಯಲ್ಲಿ ಮಾಡುವುದೇ. ಅವರಿಗೆ ಸರದಿ ಇದೆ, ಕೂಡಿ ಪ್ರಾರ್ಥಿಸುವ ಹೊತ್ತಿದೆ, ಪಕ್ಕದಲ್ಲಿ ಇನ್ನೊಬ್ಬ ಸಿಸ್ಟರ್ ಇದ್ದಾರೆ. ನೀವು ಒಬ್ಬರೇ. ಗೊಣಗಾಟದ ಲೆಕ್ಕ ಹಾಕುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮದರ್ ಅವರ ವಿಷಯದಲ್ಲಿ ಕಿತ್ತುಹೋದ ಪುಟಗಳು 2007ರಲ್ಲಿ ಹೊರಬಂದವು. ಅವರು ತೀರಿಕೊಂಡು ಹತ್ತು ವರ್ಷವಾಗಿತ್ತು. ತಮ್ಮ ಗುರುಗಳಿಗೆ ಬರೆದ ಖಾಸಗಿ ಕಾಗದಗಳು ಅವು, ಸುಟ್ಟುಬಿಡಿ ಎಂದು ಅವರೇ ಬೇಡಿಕೊಂಡಿದ್ದರು. ಕಲ್ಕತ್ತದ ಕೆಲಸ ಶುರುವಾದ ಕಾಲದಿಂದ ಕೊನೆಯವರೆಗೆ, ನಡುವೆ ಸ್ವಲ್ಪ ದಿನ ಬಿಟ್ಟರೆ, ಸುಮಾರು ಅರ್ಧ ಶತಮಾನ ಅವರಿಗೆ ಪ್ರಾರ್ಥನೆಯಲ್ಲಿ ದೇವರು ಹತ್ತಿರ ಇದ್ದಾನೆ ಎಂಬುದೇ ಅನುಭವಕ್ಕೆ ಬರಲಿಲ್ಲ. ಕತ್ತಲು ಎಂದೇ ಅದನ್ನು ಕರೆದರು. 1979ರಲ್ಲಿ ನೊಬೆಲ್ ತಗೊಳ್ಳುವಾಗಲೂ ಆ ಕತ್ತಲು ಇತ್ತು. ಕೆಲವರು ಇದನ್ನು ಓದಿ, ಇವರದು ನಾಟಕವಾಗಿತ್ತು ಎಂದರು. ನನಗೆ ಆ ಕಾಗದಗಳನ್ನು ಓದಿದ ಮೇಲೇ ಅವರ ಮೇಲೆ ಪ್ರೀತಿ ಹುಟ್ಟಿತು. ಬೆಳಗ್ಗೆ ಎದ್ದು, ಏನೂ ಅನ್ನಿಸದೇ, ಮತ್ತೆ ಹೋಗಿ ಒಬ್ಬರ ಹುಣ್ಣು ತೊಳೆಯುವುದು. ಐವತ್ತು ವರ್ಷ. ನಿಮ್ಮ ಕೂಟದಲ್ಲಿ ಇದನ್ನು ಹೇಳಿ. ಹಿಂದಿನ ಸಾಲಿನಲ್ಲಿ ಕೂತ ಯಾರೋ ಒಬ್ಬರು ಅಳುತ್ತಾರೆ.

ಇನ್ನೊಬ್ಬರ ಹೆಸರು ನಮ್ಮವರಿಗೆ ಅಷ್ಟು ಗೊತ್ತಿಲ್ಲ: ಡಾಕ್ಟರ್ ಮೇರಿ ವರ್ಗೀಸ್. ಕೇರಳದವರು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಓದಿ ಸ್ತ್ರೀರೋಗ ತಜ್ಞೆಯಾಗುವ ದಾರಿಯಲ್ಲಿದ್ದರು. 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು, ಮುಖಕ್ಕೂ ಗಾಯವಾಯಿತು. ಅದೇ ಆಸ್ಪತ್ರೆಯಲ್ಲಿ ಡಾಕ್ಟರ್ ಪಾಲ್ ಬ್ರ್ಯಾಂಡ್ ಕುಷ್ಠರೋಗದಿಂದ ಮಡಚಿಹೋದ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ಮತ್ತೆ ಕೆಲಸಕ್ಕೆ ಬರುವಂತೆ ಮಾಡುತ್ತಿದ್ದರು. ಕೈಯ ಶಸ್ತ್ರಚಿಕಿತ್ಸೆಯನ್ನು ಕೂತೇ ಮಾಡಬಹುದು. ಹಾಗೆ ಮೇರಿ ಗಾಲಿಕುರ್ಚಿಯಲ್ಲಿ ಕೂತು ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸಿದರು. ಆಮೇಲೆ ನ್ಯೂಯಾರ್ಕಿನಲ್ಲಿ ತರಬೇತಿ ಪಡೆದು, 1966ರಲ್ಲಿ ವೆಲ್ಲೂರಿನಲ್ಲಿ ತಮ್ಮಂಥ ಬೆನ್ನುಹುರಿ ಪೆಟ್ಟಿನವರಿಗೆ ಪುನರ್ವಸತಿ ಕೇಂದ್ರ ತೆರೆಯುವುದರಲ್ಲಿ ಮುಂದಾದರು. 1972ರಲ್ಲಿ ಪದ್ಮಶ್ರೀ ಬಂತು.

ಇವರನ್ನು ಹೇಳುವಾಗ ಪದ್ಮಶ್ರೀಯಿಂದ ಶುರು ಮಾಡಬೇಡಿ. ಅಪಘಾತಕ್ಕೂ ಆ ಮೊದಲ ಶಸ್ತ್ರಚಿಕಿತ್ಸೆಗೂ ನಡುವಿನ ತಿಂಗಳುಗಳಲ್ಲಿ ನಿಲ್ಲಿ. ತಾನು ಡಾಕ್ಟರಾಗಿ ಓಡಾಡಿದ್ದ ಆಸ್ಪತ್ರೆಯಲ್ಲೇ ರೋಗಿಯಾಗಿ ಮಲಗಿ, ಮೈ ತೊಳೆಯಲೂ ಇನ್ನೊಬ್ಬರ ಕೈ ಕಾಯಬೇಕಾದ ಹೆಣ್ಣುಮಗಳನ್ನು ಕಣ್ಣ ಮುಂದೆ ತನ್ನಿ. ಲಕ್ವ ಹೊಡೆದ ನಿಮ್ಮ ಅತ್ತೆಯವರು ಈಗ ಇರುವುದು ಅಲ್ಲಿಯೇ. ಈ ಕಥೆಯನ್ನು ಒಂದು ಮಧ್ಯಾಹ್ನ ಅವರಿಗೇ ಓದಿ ಹೇಳಿ. ಭಕ್ತರ ಜೀವನವನ್ನು ನಾವು ಸೇವೆ ಮಾಡುವವರಿಗೇ ಹೇಳುತ್ತೇವೆ, ಸೇವೆ ಮಾಡಿಸಿಕೊಳ್ಳಬೇಕಾದವರಿಗೆ ಹೇಳುವುದೇ ಇಲ್ಲ. ಅವರಿಗೂ ಧೈರ್ಯ ಬೇಕು.

ಗ್ಲ್ಯಾಡಿಸ್ ಸ್ಟೇನ್ಸ್ ಅವರನ್ನು ಹೇಳುವಾಗ ಒಂದು ಎಚ್ಚರ ಇರಲಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡ ಗ್ರಹಾಂ ಮತ್ತು ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲಿ ಸುಟ್ಟು ಕೊಂದರು. ಅವರು ಕ್ಷಮಿಸಿದೆ ಎಂದರು, 2004ರವರೆಗೆ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಕೆಲಸ ಮುಂದುವರಿಸಿದರು. ಇದನ್ನು ಕೇಳಿದವರು ಗಂಡನ ಕೈಯಲ್ಲಿ ಹೊಡೆತ ತಿನ್ನುವ ಹೆಂಗಸಿಗೆ ‘ನೋಡು, ಅವರು ಕ್ಷಮಿಸಿದರು, ನೀನೂ ಸುಮ್ಮನಿರು’ ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅದು ಅನ್ಯಾಯ. ಗ್ಲ್ಯಾಡಿಸ್ ಕ್ಷಮಿಸಿದರು, ಕಾನೂನು ತನ್ನ ದಾರಿ ಹಿಡಿಯಿತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎರಡನ್ನೂ ಸೇರಿಸಿ ಹೇಳಿ.

ದೊಡ್ಡವರ ಬಗ್ಗೆ ಸತ್ತ ಮೇಲೆ ಬರುವ ಕೆಟ್ಟ ಸುದ್ದಿಯ ಬಗ್ಗೆ ಕೇಳಿದ್ದೀರಿ. ಜ್ಯಾಂ ವಾನಿಯೇ ಅವರದು ನನಗೆ ಬಹಳ ನೋವು ಕೊಟ್ಟ ಪ್ರಕರಣ. ಬುದ್ಧಿಮಾಂದ್ಯರೊಂದಿಗೆ ಒಂದೇ ಮನೆಯಲ್ಲಿ ಬಾಳುವ ‘ಲಾರ್ಶ್’ ಸಮುದಾಯವನ್ನು 1964ರಲ್ಲಿ ಫ್ರಾನ್ಸಿನಲ್ಲಿ ಆರಂಭಿಸಿದವರು. ಬೆಂಗಳೂರಿನ ‘ಆಶಾ ನಿಕೇತನ’ವೂ ಅದೇ ಬಳಗದ್ದು. ಅವರು 2019ರಲ್ಲಿ ತೀರಿಕೊಂಡರು. ಮರುವರ್ಷ ಲಾರ್ಶ್ ತಾನೇ ಮಾಡಿಸಿದ ವಿಚಾರಣೆಯಲ್ಲಿ, ಆಧ್ಯಾತ್ಮಿಕ ಮಾರ್ಗದರ್ಶನಕ್ಕೆ ಬಂದ ಹೆಂಗಸರನ್ನು ಅವರು ಲೈಂಗಿಕವಾಗಿ ದುರುಪಯೋಗ ಮಾಡಿಕೊಂಡದ್ದು ಖಚಿತವಾಯಿತು. ಇದನ್ನು ಮುಚ್ಚಿಟ್ಟು ಅವರನ್ನು ಮಾದರಿ ಎಂದು ಹೇಳಲಾಗದು. ಆ ಹೆಂಗಸರ ಮಾತಿಗಿಂತ ಅವರ ಹೆಸರು ದೊಡ್ಡದಲ್ಲ. ಆದರೆ ಆ ಮನೆಗಳಲ್ಲಿ ಇಂದು ಬೆಳಗ್ಗೆಯೂ ಯಾರೋ ಇನ್ನೊಬ್ಬರಿಗೆ ಗಂಜಿ ಉಣಿಸಿದ್ದಾರೆ, ಅದು ಸುಳ್ಳಾಗುವುದಿಲ್ಲ. ಸಂಸ್ಥಾಪಕನ ಪಾಪವನ್ನು ಸಂಸ್ಥೆಯೇ ಬಯಲಿಗೆ ತಂದದ್ದರಲ್ಲೂ ನನಗೆ ಧೈರ್ಯ ಕಂಡಿತು. ನನ್ನ ರೂಢಿ ಹೀಗಿದೆ: ಹತ್ತಿರದವರು ವಿರೋಧಿಸಲು ಹೆದರುತ್ತಿದ್ದ ನಾಯಕರ ಕಥೆಗಳಿಂದ ದೂರ ಇರುತ್ತೇನೆ, ಸೋಲನ್ನು ತಾವೇ ಬರೆದುಕೊಂಡವರ ಹತ್ತಿರ ಹೋಗುತ್ತೇನೆ. ವಾಟ್ಸಾಪಿನಲ್ಲಿ ಬರುವ, ಊರಿಲ್ಲದ, ಇಸವಿಯಿಲ್ಲದ ಅದ್ಭುತ ಕಥೆಗಳನ್ನು ಕೂಟದಲ್ಲಿ ಹೇಳುವುದಿಲ್ಲ.

ತಾವೇ ಬರೆದುಕೊಂಡವರು ಎಂದಾಗ ಲಕ್ಷ್ಮೀಬಾಯಿ ಟಿಳಕರನ್ನು ಬಿಡಲಾಗದು. ನಿಮಗೆ ಈಗ ಮರಾಠಿ ಸಲೀಸಾಗಿ ಓದಲು ಬರುತ್ತಿರಬೇಕು, ಅವರ ‘ಸ್ಮೃತಿಚಿತ್ರೆ’ ತನ್ನಿ. ಗಂಡ, ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದಾಗ ಲಕ್ಷ್ಮೀಬಾಯಿ ಸುಮಾರು ಐದು ವರ್ಷ ಗಂಡನಿಂದ ಬೇರೆ ಇದ್ದರು. ಮತ್ತೆ ಕೂಡಿದ ಮೇಲೂ ಮಡಿ ಬಿಡಲಿಲ್ಲ. ಒಂದೇ ದಿನದಲ್ಲಿ ಬದಲಾದವರಲ್ಲ ಅವರು, ಅಕ್ಕಿ ಆರಿಸಿದ ಹಾಗೆ ಒಂದೊಂದೇ ಕಲ್ಲು ಆಯ್ದು ಹಾಕಿದವರು. ಶಾಲೆಯ ಮುಖ ಕಾಣದ ಆಕೆ, ಗಂಡ ಅರ್ಧಕ್ಕೆ ಬಿಟ್ಟುಹೋದ ಕ್ರಿಸ್ತನ ಮಹಾಕಾವ್ಯವನ್ನು ಪೂರ್ತಿ ಮಾಡಿದರು. ಆ ಪುಸ್ತಕದಲ್ಲಿ ಜಗಳ ಇದೆ, ಸಾಲ ಇದೆ, ನಗು ಇದೆ. ಮನೆಯಲ್ಲಿ ಕಾಸಿಲ್ಲದ ದಿನ ಓದಲು ಅದಕ್ಕಿಂತ ಒಳ್ಳೆಯ ಸಂಗಾತಿಯನ್ನು ನಾನು ಕಂಡಿಲ್ಲ.

ತಿಂಗಳಿಗೊಬ್ಬರು ಎಂಬ ಕ್ರಮವನ್ನು ನಿಲ್ಲಿಸಿ ಎಂದು ನಿಮ್ಮ ಕೂಟದ ಹಿರಿಯ ಅಕ್ಕಂದಿರನ್ನು ಕೇಳಿನೋಡಿ. ವರ್ಷಕ್ಕೆ ಇಬ್ಬರು ಸಾಕು. ಒಬ್ಬರ ಜೊತೆ ಆರು ತಿಂಗಳು ಇದ್ದರೆ ಅವರ ಸಿಟ್ಟು, ಸೋಮಾರಿತನ, ಕಾಯಿಲೆ ಎಲ್ಲ ಗೊತ್ತಾಗುತ್ತದೆ. ನೆರೆಮನೆಯವರ ಹಾಗೆ ಆಗುತ್ತಾರೆ, ಆಮೇಲೆ ಅವರ ಮುಂದೆ ನಾಚಿಕೆ ಇರುವುದಿಲ್ಲ. ಹೇಳುವಾಗ ಕೊನೆಯಿಂದ ಹೇಳಬೇಡಿ. ಕಥೆಯ ನಡುವೆ, ಏನೂ ಕೈಗೂಡದ ವರ್ಷದಲ್ಲಿ ನಿಲ್ಲಿಸಿ, ಆ ವರ್ಷ ಅವರು ಬೆಳಗ್ಗೆ ಎದ್ದು ಏನು ಮಾಡಿರಬಹುದು ಎಂದು ಕೂಟದವರನ್ನೇ ಕೇಳಿ.

ನಿದ್ದೆ ಬರುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ಎರಡು ವಾರಕ್ಕಿಂತ ಹೆಚ್ಚು ಹೀಗಾಗಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಡಾಕ್ಟರನ್ನು ಕಾಣಿ. ಎಲೀಯನು ಸಾವು ಬೇಡಿ ಅಡವಿಯಲ್ಲಿ ಗಿಡದ ಕೆಳಗೆ ಮಲಗಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು. ನಿಮ್ಮ ಸಭೆಯ ಪಾಸ್ಟರಿಗೂ ಹೇಳಿ, ವಾರಕ್ಕೆರಡು ಮಧ್ಯಾಹ್ನ ಕೂಟದ ಯಾರಾದರೂ ಅತ್ತೆಯವರ ಹತ್ತಿರ ಕೂರಲಿ, ನೀವು ಮಲಗಿ. ಕೇಳಲು ಸಂಕೋಚವಾದರೆ ಈ ಉತ್ತರವನ್ನೇ ಅವರಿಗೆ ತೋರಿಸಿ.

ಮುಂದಿನ ಕೂಟಕ್ಕೆ ಯಾರು ಎಂದರೆ, ಮನೋರಮಾ ಅವರನ್ನು ಹೇಳಿ. ತಾಯಿಯ ಹೆಸರಿನ ನೆರಳಲ್ಲಿ ಬೆಳೆದ ಮಗಳು. ರಮಾಬಾಯಿ 1910ರ ದಶಕದಲ್ಲಿ ನಿಮ್ಮ ಕಲಬುರಗಿಯಲ್ಲಿ, ಆಗಿನ ನಿಜಾಮರ ಗುಲಬರ್ಗದಲ್ಲಿ, ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ ಅದನ್ನು ನಡೆಸಿದ್ದು ಮನೋರಮಾ. 1921ರ ಜುಲೈಯಲ್ಲಿ, ನಲವತ್ತರ ವಯಸ್ಸಿಗೆ ಅವರು ತೀರಿಕೊಂಡರು. ಬರದಲ್ಲಿ ಎಲ್ಲರನ್ನೂ ಕಳೆದುಕೊಂಡಿದ್ದ ತಾಯಿ ಕೊನೆಗೆ ಮಗಳನ್ನೂ ಕಳುಹಿಸಿ, ಮರಾಠಿ ಸತ್ಯವೇದದ ಅನುವಾದದ ಕೆಲಸದಲ್ಲಿ ಒಂಬತ್ತು ತಿಂಗಳು ಕಳೆದು 1922ರ ಏಪ್ರಿಲಿನಲ್ಲಿ ಹೋದರು. ಆ ಒಂಬತ್ತು ತಿಂಗಳು ನಿಮ್ಮ ಕೂಟಕ್ಕೆ ಸಾಕಷ್ಟು ದೊಡ್ಡ ವಿಷಯ. ತವರಿಗೆ ಹೋಗುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ದೌಂಡ್ ಕಡೆಯ ಪ್ಯಾಸೆಂಜರ್ ಹತ್ತಿ, ಕೇಡಗಾಂವ್‌ನಲ್ಲಿ ಇಳಿಯಿರಿ. ಕಲಬುರಗಿಯಲ್ಲಿ ಮನೋರಮಾ ಅವರ ಶಾಲೆಯಲ್ಲಿ ಓದಿದ ಅಜ್ಜಿಯರ ಮೊಮ್ಮಕ್ಕಳು ಯಾರಾದರೂ ಸಿಕ್ಕರೆ, ಅವರು ಹೇಳಿದ್ದನ್ನು ಬರೆದುಕೊಂಡು ನನಗೂ ಒಂದು ಪ್ರತಿ ಕಳುಹಿಸಿ.